ಮೈದಾನದ ಅಂಕ, ಪರೀಕ್ಷೆಯ ಅಂಕ

ಪದವಿ ಪರೀಕ್ಷೆಯ ಫಲಿತಾಂಶ ಪ್ರಕಟವಾದ ವಾರ ಕಡೂರು, ತರೀಕೆರೆ, ಅಜ್ಜಂಪುರಗಳ ಮನೆಗಳಲ್ಲಿ ನಡೆಯುವ ಸಮಾಲೋಚನೆ ಬಹುಮಟ್ಟಿಗೆ ಒಂದೇ ಬಗೆಯದು. ಮಗ ಬಿ.ಕಾಂ. ಮುಗಿಸಿದನು, ಮುಂದೇನು? ಮಗಳು ಬಿ.ಎ. ಮುಗಿಸಿದಳು, ಎಂ.ಎ.ಗೆ ಕಳುಹಿಸುವುದೋ, ಬಿ.ಎಡ್. ಮಾಡಿಸುವುದೋ, ಗಂಡು ನೋಡುವುದೋ? ಆ ಮಗನಾಗಲಿ ಮಗಳಾಗಲಿ ಆಟಗಾರರಾಗಿದ್ದ ಪಕ್ಷದಲ್ಲಿ ಸಮಾಲೋಚನೆ ಚರ್ಚೆಗೆ ತಿರುಗುತ್ತದೆ. ಮೂರು ವರ್ಷಗಳ ಕಾಲ ಖೋ ಖೋ, ಕಬಡ್ಡಿ, ವಾಲಿಬಾಲ್ ಎಂದು ಊರೂರು ತಿರುಗಿ ಗೋಡೆಯ ಮೊಳೆಗೆ ಪದಕಗಳ ಗೊಂಚಲನ್ನೇ ತೂಗುಹಾಕಿದವರ ಅಂಕಪಟ್ಟಿ ಅಷ್ಟು ತುಂಬಿಕೊಂಡಿರದಿದ್ದರೆ ಆಶ್ಚರ್ಯವಿಲ್ಲ.

“ಆಡಿದ್ದು ಸಾಕು, ಇನ್ನು ಅನ್ನದ ದಾರಿ ನೋಡಿಕೊಳ್ಳಲಿ” ಎನ್ನುತ್ತಾರೆ ತಂದೆ. “ಇನ್ನೆರಡು ವರ್ಷ ಓದಲಿ ಬಿಡಿ, ಯಜಮಾನರೇ. ಕ್ರೀಡಾ ಕೋಟಾದಲ್ಲಿ ಸೀಟು ಸಿಕ್ಕರೆ ಓದೂ ಆಯಿತು, ಆಟವೂ ಉಳಿಯಿತು” ಎನ್ನುತ್ತಾರೆ ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟರು. ನೆರೆಮನೆಯವರ ಅಳಲೇ ಬೇರೆ: “ನಮ್ಮ ಹುಡುಗಿ ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದಳು. ಅವಳಿಗಿಲ್ಲದ ಸೀಟು ಚೆಂಡು ಹೊಡೆದವನಿಗೆ ಉಂಟೇ?”

ಈ ಮೂರು ಮಾತುಗಳಲ್ಲಿ ಒಂದನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ. ತಂದೆಯ ಮಾತಿನಲ್ಲಿ ಜೀವನೋಪಾಯದ ಚಿಂತೆಯಿದೆ. ಮೇಷ್ಟರ ಮಾತಿನಲ್ಲಿ ಪ್ರತಿಭೆಯೊಂದು ಅಕಾಲದಲ್ಲಿ ಬಾಡಬಾರದೆಂಬ ಕಳಕಳಿಯಿದೆ. ನೆರೆಮನೆಯವರದು ನ್ಯಾಯದ ಪ್ರಶ್ನೆ. ಉನ್ನತ ವ್ಯಾಸಂಗದ ಪ್ರವೇಶದಲ್ಲಿ ಆಟಕ್ಕೆ ಎಷ್ಟು ಬೆಲೆ, ಓದಿಗೆ ಎಷ್ಟು ಬೆಲೆ ಎಂಬ ವಿವಾದಕ್ಕೆ ನಮ್ಮ ರಾಜ್ಯದಲ್ಲಿಯೇ ಆರು ದಶಕಗಳನ್ನು ಮೀರಿದ ಇತಿಹಾಸವುಂಟು.

ಊರಿನ ಕಾಲೇಜೇ ಊರಿನ ಕ್ಲಬ್ಬು

ಕಡೂರು ಒಂದು ಕಾಲಕ್ಕೆ ಜಿಲ್ಲೆಗೇ ಹೆಸರು ಕೊಟ್ಟ ಊರು. ಇಂದಿನ ಚಿಕ್ಕಮಗಳೂರು ಜಿಲ್ಲೆ ೧೯೪೭ರವರೆಗೆ ಕಡೂರು ಜಿಲ್ಲೆಯೆನಿಸಿತ್ತು. ತರೀಕೆರೆಯದು ಅಡಕೆ ತೋಟಗಳ ಸೀಮೆ. ಅಮೃತಮಹಲ್ ದನಗಳಿಂದ ಹೆಸರಾದ ಅಜ್ಜಂಪುರ ಬಹುಕಾಲ ತರೀಕೆರೆ ತಾಲ್ಲೂಕಿನೊಳಗೇ ಇದ್ದು, ಈಚಿನ ವರ್ಷಗಳಲ್ಲಿ ತಾನೇ ಒಂದು ತಾಲ್ಲೂಕಾಯಿತು. ಕಡೂರು ಮತ್ತು ಅಜ್ಜಂಪುರಗಳು ಬೆಂಗಳೂರು–ಹುಬ್ಬಳ್ಳಿ ರೈಲು ಹಾದಿಯಲ್ಲಿವೆ. ತರೀಕೆರೆ ಬೀರೂರಿನಿಂದ ಶಿವಮೊಗ್ಗದ ಕಡೆಗೆ ಕವಲೊಡೆದ ಹಾದಿಯಲ್ಲಿದೆ. ಪದವಿಯ ಮಟ್ಟಿಗೆ ಊರಿನ ಕಾಲೇಜು ಸಾಕು. ಅದರಾಚೆಗೆ ಓದುವವರ ಕಣ್ಣು ಸಾಮಾನ್ಯವಾಗಿ ಹರಿಯುವುದು ಶಂಕರಘಟ್ಟದತ್ತ. ಭದ್ರಾ ಅಣೆಕಟ್ಟಿನ ಸಮೀಪದ ಈ ಸ್ಥಳದಲ್ಲಿ ೧೯೮೭ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಅದರ ಸ್ನಾತಕೋತ್ತರ ಕೇಂದ್ರವೊಂದು ಕಡೂರಿನಲ್ಲಿಯೂ ಇದೆ.

ದೊಡ್ಡ ನಗರಗಳಲ್ಲಿ ಆಟಗಾರನಿಗೆ ಕ್ಲಬ್ಬುಗಳುಂಟು, ಅಕಾಡೆಮಿಗಳುಂಟು, ಬ್ಯಾಂಕು ಮತ್ತು ರೈಲ್ವೆಗಳ ತಂಡಗಳುಂಟು. ಸಣ್ಣ ಊರಿನಲ್ಲಿ ಕಾಲೇಜೇ ಕ್ಲಬ್ಬು, ಕಾಲೇಜಿನ ಬಯಲೇ ಕ್ರೀಡಾಂಗಣ. ಕಾಲೇಜಿನ ಬಾಗಿಲು ದಾಟಿದ ದಿನ ಆಟವೂ ಮುಗಿಯಿತೆಂದೇ ಲೆಕ್ಕ. ಆದುದರಿಂದ ಸ್ನಾತಕೋತ್ತರ ಸೀಟೆಂಬುದು ಇಲ್ಲಿನ ಆಟಗಾರರಿಗೆ ಪುಸ್ತಕದ ಎರಡು ವರ್ಷ ಮಾತ್ರವಲ್ಲ, ಮೈದಾನದ ಎರಡು ವರ್ಷವೂ ಹೌದು. ವಿಶ್ವವಿದ್ಯಾನಿಲಯದ ಬಣ್ಣ ತೊಟ್ಟು ಅಂತರ ವಿಶ್ವವಿದ್ಯಾನಿಲಯ ಪಂದ್ಯಗಳಲ್ಲಿ ಆಡುವ ಅವಕಾಶ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಇದೆ. ೨೦೨೦ರಲ್ಲಿ ಭುವನೇಶ್ವರದಲ್ಲಿ ಆರಂಭವಾಗಿ ೨೦೨೨ರಲ್ಲಿ ಬೆಂಗಳೂರಿಗೆ ಬಂದ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟ ಈ ಅವಕಾಶವನ್ನು ಮತ್ತಷ್ಟು ಹಿಗ್ಗಿಸಿದೆ.

ಕಡೂರಿನಲ್ಲಿ ಹುಟ್ಟಿದ ವೇದಾ ಕೃಷ್ಣಮೂರ್ತಿ ೨೦೧೧ರಲ್ಲಿ ಭಾರತದ ಮಹಿಳಾ ಕ್ರಿಕೆಟ್ ತಂಡವನ್ನು ಸೇರಿ, ತಮ್ಮ ಮೊದಲ ಏಕದಿನ ಪಂದ್ಯದಲ್ಲಿಯೇ ಅರ್ಧಶತಕ ಬಾರಿಸಿದರು. ೨೦೧೭ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ನಡೆದ ವಿಶ್ವಕಪ್ ಅಂತಿಮ ಪಂದ್ಯದಲ್ಲಿ, ಭಾರತ ಕೇವಲ ೯ ಓಟಗಳಿಂದ ಸೋತ ಆ ದಿನ, ಅವರೂ ಕಣದಲ್ಲಿದ್ದರು. ಆದರೆ ಅವರ ದಾರಿ ಬಾಲ್ಯದಲ್ಲಿಯೇ ಬೆಂಗಳೂರಿನ ತರಬೇತಿ ಕೇಂದ್ರದ ಕಡೆಗೆ ಹೊರಳಿತ್ತು. ಹಾಗೆ ಮಕ್ಕಳನ್ನು ರಾಜಧಾನಿಗೆ ಕಳುಹಿಸುವ ಅನುಕೂಲ ಎಲ್ಲ ತಂದೆತಾಯಂದಿರಿಗೂ ಇರುವುದಿಲ್ಲ. ಉಳಿದವರ ಪಾಲಿಗೆ ಊರಿನ ಕಾಲೇಜು ಮತ್ತು ಅದರಾಚೆಯ ವಿಶ್ವವಿದ್ಯಾನಿಲಯಗಳೇ ಆಧಾರ.

ಮೈಸೂರು ಸರ್ಕಾರದ ಸಂದರ್ಶನ

೧೯೬೩ರ ಸುಮಾರಿಗೆ ಮೈಸೂರು ರಾಜ್ಯದ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಪರೀಕ್ಷೆಯ ಅಂಕಗಳೊಡನೆ ಸಂದರ್ಶನದ ಅಂಕಗಳನ್ನೂ ಕೂಡಿಸುವ ಪದ್ಧತಿ ಜಾರಿಗೆ ಬಂದಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ ೨೫ರಷ್ಟು ಸಂದರ್ಶನಕ್ಕೆ ಮೀಸಲು. ಸಂದರ್ಶಕರು ಅಭ್ಯರ್ಥಿಯ ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಹಿಂದಿನ ವ್ಯಾಸಂಗ, ಎನ್.ಸಿ.ಸಿ. ಸೇವೆಗಳೊಡನೆ ಕ್ರೀಡೆ, ಸಮಾಜಸೇವೆ, ಚರ್ಚಾಕೂಟ, ನಾಟಕ ಮುಂತಾದ ಪಠ್ಯೇತರ ಚಟುವಟಿಕೆಗಳನ್ನೂ ತೂಗಿ ನೋಡಬೇಕಾಗಿತ್ತು. ಸೀಟು ಸಿಗದವರು ಇದನ್ನು ಪ್ರಶ್ನಿಸಿದರು. ಚಿತ್ರಲೇಖಾ ಮೊಕದ್ದಮೆಯೆಂದು ಹೆಸರಾದ ಆ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ೧೯೬೪ರ ಬಹುಮತದ ತೀರ್ಪು ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿಯಿತು. ವಿದ್ಯಾರ್ಥಿಯ ಯೋಗ್ಯತೆಯನ್ನು ಅಳೆಯಲು ಪರೀಕ್ಷೆಯೊಂದೇ ಮಾನದಂಡವಾಗಬೇಕಾಗಿಲ್ಲ ಎಂಬುದು ಅಲ್ಲಿಗೆ ಸ್ಥಿರಪಟ್ಟಿತು.

ಆದರೆ ಸಂದರ್ಶನದ ಅಂಕ ಸಂದರ್ಶಕನ ಮನಸ್ಸಿನಂತೆ ಏರುವ, ಇಳಿಯುವ ಅಂಕ. ಆಟಗಾರನ ಪದಕಕ್ಕೆ ಒಬ್ಬರು ಹತ್ತು ಕೊಟ್ಟರೆ ಇನ್ನೊಬ್ಬರು ಎರಡು ಕೊಟ್ಟಾರು. ಪದಕವನ್ನೇ ನೋಡದೆ ಪರಿಚಯವನ್ನು ನೋಡುವವರೂ ಇದ್ದಾರು. ೧೯೮೧ರಲ್ಲಿ ಕಾಶ್ಮೀರದ ಇಂಜಿನಿಯರಿಂಗ್ ಕಾಲೇಜೊಂದರ ಪ್ರವೇಶಕ್ಕೆ ಸಂಬಂಧಿಸಿದ ಅಜಯ್ ಹಾಸಿಯಾ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ, ಎರಡು ಮೂರು ನಿಮಿಷದ ಸಂದರ್ಶನಕ್ಕೆ ಮೂರನೆಯ ಒಂದು ಪಾಲು ಅಂಕ ಕೊಡುವುದು ಸ್ವೇಚ್ಛಾಚಾರವೆಂದು ಹೇಳಿ, ಶೇಕಡಾ ೧೫ರ ಮಿತಿಯನ್ನು ಸೂಚಿಸಿತು. ಕರ್ನಾಟಕದಲ್ಲಿ ವೃತ್ತಿ ಶಿಕ್ಷಣದ ಪ್ರವೇಶ ಕ್ರಮೇಣ ಸಂದರ್ಶನದಿಂದ ಸಾಮಾನ್ಯ ಪ್ರವೇಶ ಪರೀಕ್ಷೆಯ ಕಡೆಗೆ ಸರಿಯಿತು. ಕ್ರೀಡೆಗೆ ಸಂದರ್ಶನದೊಳಗಿನ ಸ್ಥಾನ ಹೋಗಿ, ಪ್ರತ್ಯೇಕವಾದ ವಿಶೇಷ ವರ್ಗವೊಂದು ನಿಯಮಗಳಲ್ಲಿಯೇ ಸೇರಿತು. ಸಂದರ್ಶಕರ ಔದಾರ್ಯದಿಂದ ಸಿಗಬೇಕಾಗಿದ್ದುದು ಬರೆದಿಟ್ಟ ನಿಯಮದಿಂದ ಸಿಗುವಂತಾಯಿತು.

ಹೊಸಿಲು ಬೇರೆ, ಸಾಲು ಬೇರೆ

ಕ್ರೀಡಾ ಕೋಟಾದ ಚರ್ಚೆಯಲ್ಲಿ ಜನರು ಎರಡು ಸಂಗತಿಗಳನ್ನು ಒಂದೇ ಎಂದು ಭಾವಿಸಿ ಗೊಂದಲಕ್ಕೆ ಬೀಳುವುದುಂಟು. ಒಂದು, ಈ ವಿದ್ಯಾರ್ಥಿ ಈ ವ್ಯಾಸಂಗವನ್ನು ಮಾಡಬಲ್ಲನೇ ಎಂಬ ಪ್ರಶ್ನೆ, ಅದು ಹೊಸಿಲು. ಇನ್ನೊಂದು, ಮಾಡಬಲ್ಲವರೆಲ್ಲರ ಪೈಕಿ ಯಾರಿಗೆ ಮೊದಲು ಸೀಟು ಕೊಡಬೇಕೆಂಬ ಪ್ರಶ್ನೆ, ಅದು ಸಾಲು. ಸಾಲಿನಲ್ಲಿ ಆಟಗಾರನನ್ನು ಮುಂದಕ್ಕೆ ಕರೆಯುವುದು ಒಂದು ಬಗೆಯ ರಿಯಾಯಿತಿ. ಹೊಸಿಲನ್ನೇ ಕಿತ್ತುಹಾಕುವುದು ಬೇರೆಯೇ ಬಗೆಯದು. ಮೊದಲನೆಯದು ಆಟಗಾರನಿಗೆ ಉಪಕಾರವಾಗಬಹುದು. ಎರಡನೆಯದು ಅವನಿಗೇ ಅಪಕಾರವಾಗಬಹುದು.

ಹೊಸಿಲು ಎಷ್ಟು ಎತ್ತರವಿರಬೇಕೆಂಬುದನ್ನು ಕುರಿತು ೨೦೨೩ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಗಮನಾರ್ಹ ತೀರ್ಪು ಕೊಟ್ಟಿತು. ಚಂಡೀಗಢದ ಪಂಜಾಬ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಶೇಕಡಾ ೨ರಷ್ಟು ಸೀಟುಗಳು ಕ್ರೀಡಾಪಟುಗಳಿಗೆ ಮೀಸಲು. ಆದರೆ ಅವರೂ ಹನ್ನೆರಡನೆಯ ತರಗತಿಯಲ್ಲಿ, ಸಾಮಾನ್ಯ ಅಭ್ಯರ್ಥಿಗಳಂತೆಯೇ, ಶೇಕಡಾ ೭೫ ಅಂಕ ಪಡೆದಿರಬೇಕೆಂಬ ನಿಯಮವಿತ್ತು. ನ್ಯಾಯಾಲಯ ಆ ನಿಯಮವನ್ನು ಒಪ್ಪಲಿಲ್ಲ. ಕ್ರೀಡಾ ಕೋಟಾದ ಉದ್ದೇಶ ಕ್ರೀಡೆಗೆ ಪ್ರೋತ್ಸಾಹ ಕೊಡುವುದೇ ಹೊರತು ಪರೀಕ್ಷೆಯ ಪ್ರತಿಭೆಯನ್ನು ಇನ್ನೊಂದು ಬಾಗಿಲಿನಿಂದ ಹುಡುಕುವುದಲ್ಲ ಎಂಬುದು ತೀರ್ಪಿನ ಸಾರ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಳ್ಳುವ ಕೋಟಾ ಕೋಟಾವೇ ಅಲ್ಲವಷ್ಟೆ.

ಇದರ ಮಗ್ಗುಲಲ್ಲಿ ಇನ್ನೊಂದು ಉದಾಹರಣೆಯನ್ನು ಇಟ್ಟು ನೋಡಬಹುದು. ಮದರಾಸಿನ ಐಐಟಿ ೨೦೨೪–೨೫ನೆಯ ಸಾಲಿನಿಂದ ಕ್ರೀಡಾ ಸಾಧಕರಿಗಾಗಿ ಪ್ರತಿಯೊಂದು ಪದವಿ ವ್ಯಾಸಂಗದಲ್ಲಿ ಎರಡೆರಡು ಹೆಚ್ಚುವರಿ ಸ್ಥಾನಗಳನ್ನು ಏರ್ಪಡಿಸಿತು. ಅವುಗಳಲ್ಲಿ ಒಂದು ಮಹಿಳೆಯರಿಗೆ. ಐಐಟಿಗಳಲ್ಲಿ ಇಂಥ ಕ್ರಮ ಕೈಗೊಂಡುದರಲ್ಲಿ ಇದೇ ಮೊದಲನೆಯದು. ಅಭ್ಯರ್ಥಿ ಹಿಂದಿನ ನಾಲ್ಕು ವರ್ಷಗಳೊಳಗೆ ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಮಟ್ಟದ ಪದಕ ಗಳಿಸಿರಬೇಕು. ಅಷ್ಟೇ ಸಾಲದು, ಜೆಇಇ ಅಡ್ವಾನ್ಸ್ಡ್ ಪರೀಕ್ಷೆಯ ರ್‍ಯಾಂಕ್ ಪಟ್ಟಿಯಲ್ಲಿಯೂ ಅವನ ಹೆಸರಿರಬೇಕು. ಹೊಸಿಲು ದಾಟಿರಬೇಕು, ಆದರೆ ಸಾಲಿನಲ್ಲಿ ಅವನ ಸ್ಥಾನವನ್ನು ನಿರ್ಧರಿಸುವುದು ಪದಕ. ಸ್ಥಾನಗಳು ಹೆಚ್ಚುವರಿಯಾದ ಕಾರಣ ಇನ್ನೊಬ್ಬರ ಸೀಟು ಕಳೆಯಿತೆಂಬ ಮಾತಿಗೂ ಆಸ್ಪದವಿಲ್ಲ. ನೆರೆಮನೆಯವರ ಅಳಲಿಗೆ ಇದಕ್ಕಿಂತ ನೇರವಾದ ಉತ್ತರ ಇನ್ನಾವುದಿದ್ದೀತು?

ಅಮೆರಿಕದಲ್ಲಿ ಕಾಲೇಜು ಕ್ರೀಡೆಯೆಂಬುದು ಕೋಟ್ಯಂತರ ಡಾಲರುಗಳ ವ್ಯವಹಾರ. ಆಟ ಬಲ್ಲವನನ್ನು ಓದಿನ ಗೊಡವೆಯಿಲ್ಲದೆ ಸೇರಿಸಿಕೊಂಡು, ಆಡಿಸಿ, ಬರಿಗೈಯಲ್ಲಿ ಕಳುಹಿಸುವ ಪದ್ಧತಿಯ ವಿರುದ್ಧ ಅಲ್ಲಿ ಕೂಗೆದ್ದಾಗ, ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘವಾದ ಎನ್‌ಸಿಎಎ ಹೊಸ ನಿಯಮವೊಂದನ್ನು ಮಾಡಿತು. ೧೯೮೬ರಲ್ಲಿ ಜಾರಿಗೆ ಬಂದ ಆ ನಿಯಮದಂತೆ ಪ್ರೌಢಶಾಲೆಯ ೧೧ ಮುಖ್ಯ ಪಾಠಗಳಲ್ಲಿ ಗೊತ್ತಾದ ಸರಾಸರಿಯನ್ನೂ ಪ್ರವೇಶ ಪರೀಕ್ಷೆಯಲ್ಲಿ ಗೊತ್ತಾದ ಅಂಕವನ್ನೂ ಗಳಿಸದವನು ಮೊದಲ ವರ್ಷ ಪಂದ್ಯವಾಡುವಂತಿರಲಿಲ್ಲ. ಒಂದೇ ಪರೀಕ್ಷೆಯ ಅಂಕ ಬಡ ಕುಟುಂಬಗಳ ಮಕ್ಕಳಿಗೆ ಅನ್ಯಾಯ ಮಾಡುತ್ತದೆಂಬ ಆಕ್ಷೇಪ ಬಹುಕಾಲ ಕೇಳಿಬಂದಿತು. ಕೊನೆಗೆ ೨೦೨೩ರಲ್ಲಿ ಪರೀಕ್ಷೆಯ ಅಂಕದ ಕಟ್ಟಳೆಯನ್ನು ಕೈಬಿಟ್ಟು, ಶಾಲೆಯ ಪಾಠಗಳ ಸರಾಸರಿಯನ್ನು ಮಾತ್ರ ಉಳಿಸಿಕೊಂಡರು. ಹೊಸಿಲು ಉಳಿಯಿತು, ಅದನ್ನು ಅಳೆಯುವ ಕೋಲು ಬದಲಾಯಿತು.

ಮೇಲಿನ ಮೆಟ್ಟಿಲಿನ ಬಿಗಿ

ಪದವಿ ತರಗತಿಗೆ ಸಲ್ಲುವ ಸಡಿಲಿಕೆ ಸ್ನಾತಕೋತ್ತರ ತರಗತಿಗೂ ಅಷ್ಟೇ ಸಲ್ಲುವುದೇ? ಮೆಟ್ಟಿಲು ಏರಿದಂತೆ ಬಿಗಿ ಹೆಚ್ಚಬೇಕೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ೧೯೯೯ರಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವೂ ಸ್ನಾತಕೋತ್ತರ ವೈದ್ಯಕೀಯ ಪ್ರವೇಶವನ್ನು ಕುರಿತು ಇಂಥದೇ ನಿಲುವು ತಳೆಯಿತು. ಅದು ಕ್ರೀಡೆಯ ಮೊಕದ್ದಮೆಯಲ್ಲ. ಬೇರೆ ಬೇರೆ ವರ್ಗಗಳವರಿಗೆ ಶೇಕಡಾ ೪೫ ಮತ್ತು ೨೦ ಎಂದು ಗೊತ್ತುಮಾಡಿದ್ದ ಕನಿಷ್ಠ ಅಂಕಗಳ ನಡುವಿನ ಅಂತರ ವಿಪರೀತವಾದುದೆಂದು ಅದು ಭಾವಿಸಿತು. ತರಗತಿಯಲ್ಲಿ ಕುಳಿತವರೆಲ್ಲರೂ ಪಾಠವನ್ನು ಗ್ರಹಿಸಬಲ್ಲವರಾಗಿರಬೇಕೆಂಬ ತತ್ತ್ವ ಮಾತ್ರ ಕ್ರೀಡಾಪಟುಗಳಿಗೂ ಅನ್ವಯಿಸತಕ್ಕದ್ದೇ.

ನಮ್ಮ ರಾಜ್ಯದ ವಿಶ್ವವಿದ್ಯಾನಿಲಯಗಳ ಸ್ನಾತಕೋತ್ತರ ಪ್ರವೇಶದಲ್ಲಿಯೂ ಕ್ರೀಡೆ, ಎನ್.ಸಿ.ಸಿ., ಎನ್.ಎಸ್.ಎಸ್.ಗಳಿಗೆ ಸಾಮಾನ್ಯವಾಗಿ ವಿಶೇಷ ವರ್ಗವೊಂದು ಇರುತ್ತದೆ. ಅಲ್ಲಿ ಸೀಟು ಬಯಸುವ ಆಟಗಾರರು ತಪ್ಪದೆ ನೆನಪಿಡಬೇಕಾದ ಸಂಖ್ಯೆಯೊಂದಿದೆ: ಅದು ೫೫. ಎಂ.ಎ., ಎಂ.ಕಾಂ., ಎಂ.ಎಸ್ಸಿ. ಮಾಡುವವರಲ್ಲಿ ಅನೇಕರ ಗುರಿ ಕಾಲೇಜಿನ ಉಪನ್ಯಾಸಕ ಹುದ್ದೆ. ಅದಕ್ಕೆ ಬೇಕಾದ ನೆಟ್ ಪರೀಕ್ಷೆಗೆ ಕುಳಿತುಕೊಳ್ಳಲು ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ ೫೫ ಅಂಕಗಳಿರಬೇಕು. ಮೀಸಲು ವರ್ಗಗಳವರಿಗೆ ೫೦. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾಗಬೇಕಾದರೂ ಸಾಮಾನ್ಯವಾಗಿ ಆ ವಿಷಯದ ಸ್ನಾತಕೋತ್ತರ ಪದವಿಯಲ್ಲಿ ಇದೇ ಮಟ್ಟ ಬೇಕು. ಈ ಹೊಸಿಲಿನಲ್ಲಿ ಸಾಮಾನ್ಯವಾಗಿ ಪದಕ ತೋರಿಸಿ ಒಳಗೆ ಹೋಗುವಂತಿಲ್ಲ. ಕೋಟಾದಲ್ಲಿ ಸೇರಿ, ಎರಡು ವರ್ಷ ವಿಶ್ವವಿದ್ಯಾನಿಲಯಕ್ಕಾಗಿ ಆಡಿ, ೫೦ರ ಆಸುಪಾಸಿನಲ್ಲಿ ತೇರ್ಗಡೆಯಾದ ಸಾಮಾನ್ಯ ವರ್ಗದ ವಿದ್ಯಾರ್ಥಿ ಹೊರಬರುವಾಗ ಕೈಯಲ್ಲಿ ಪದವಿಯಿರುತ್ತದೆ, ಆದರೆ ಆ ಪದವಿಯಿಂದ ತೆರೆಯಬೇಕಾಗಿದ್ದ ಬಾಗಿಲು ಮುಚ್ಚಿಯೇ ಇರುತ್ತದೆ. ತಂಡಕ್ಕೆ ಗೆಲುವು, ವಿಶ್ವವಿದ್ಯಾನಿಲಯಕ್ಕೆ ಕೀರ್ತಿ; ಅವನಿಗೆ ಕಳೆದುಹೋದ ಎರಡು ವರ್ಷ.

ಪ್ರವೇಶದ ಮಟ್ಟ ಎಂಬುದು ಆಟಗಾರನ ಶತ್ರುವೆಂದು ಭಾವಿಸುವವರು ಈ ಸಂಗತಿಯನ್ನು ಚಿಂತಿಸಬೇಕು. ನ್ಯಾಯವಾದ ಹೊಸಿಲು ವಿದ್ಯಾರ್ಥಿಗೆ ಮುಂಚಿತವಾಗಿ ಸಿಗುವ ಎಚ್ಚರಿಕೆ. ದೈಹಿಕ ಶಿಕ್ಷಣದ ವ್ಯಾಸಂಗಗಳಲ್ಲಿ ದೇಹದಾರ್ಢ್ಯದ ಪರೀಕ್ಷೆಯೂ ಪ್ರವೇಶದ ಭಾಗವಾಗಿರುವುದು ಇದೇ ನ್ಯಾಯದಿಂದ. ಅಲ್ಲಿ ಆಟದ ಬಲ್ಮೆಯೇ ವ್ಯಾಸಂಗದ ಬಂಡವಾಳ, ಗಣಿತದ ಎಂ.ಎಸ್ಸಿ.ಯಲ್ಲಿ ಅದಲ್ಲ. ಯಾವ ವ್ಯಾಸಂಗಕ್ಕೆ ಏನು ಬೇಕೋ ಅದನ್ನು ಆಯಾ ವಿಭಾಗ ನಿರ್ಧರಿಸಬೇಕು. ಅಲ್ಲಿಂದ ಮುಂದೆ ಆಟಗಾರರೊಳಗೆ ಯಾರು ಹೆಚ್ಚಿನವರೆಂಬುದನ್ನು ಕ್ರೀಡಾ ನಿರ್ದೇಶಕರು ಹೇಳಬೇಕು. ತಂಡಕ್ಕೆ ಒಬ್ಬ ಒಳ್ಳೆಯ ರೈಡರ್ ಬೇಕೆಂಬ ಕಾರಣದಿಂದ ಕ್ರೀಡಾ ವಿಭಾಗ ಗಣಿತ ವಿಭಾಗದ ಕೆಲಸವನ್ನು ಮಾಡಲಾಗದು.

ಹೆಸರಾದವರ ಲೆಕ್ಕ

ಓದೂ ಆಟವೂ ಒಂದೇ ನೊಗಕ್ಕೆ ಒಗ್ಗುವುದಿಲ್ಲವೆಂಬ ಮಾತಿಗೆ ಕರ್ನಾಟಕದ ಕ್ರಿಕೆಟ್ ಪಟುಗಳೇ ಉತ್ತರ ಕೊಟ್ಟಿದ್ದಾರೆ. ಎರಪಳ್ಳಿ ಪ್ರಸನ್ನ ೧೯೬೨ರ ಜನವರಿಯಲ್ಲಿ ಮದರಾಸಿನಲ್ಲಿ ಮೊದಲ ಟೆಸ್ಟ್ ಆಡಿದರು. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸವನ್ನೂ ಮಾಡಿ ಬಂದರು. ಆ ಬಳಿಕ ಮೈಸೂರಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗವನ್ನು ಪೂರೈಸುವ ಸಲುವಾಗಿ ಟೆಸ್ಟ್ ಕಣದಿಂದ ದೂರ ಉಳಿದವರು ಮರಳಿದ್ದು ೧೯೬೭ರಲ್ಲಿ. ಆಟದ ಉತ್ತಮ ವರ್ಷಗಳಲ್ಲಿ ಸುಮಾರು ಐದನ್ನು ಓದಿಗೆ ತೆತ್ತ ಮೇಲೂ ಅವರು ೪೯ ಟೆಸ್ಟ್‌ಗಳಲ್ಲಿ ೧೮೯ ವಿಕೆಟ್ ಪಡೆದರು. ಅನಿಲ್ ಕುಂಬ್ಳೆ ೧೯೯೦ರಲ್ಲಿ ಇಂಗ್ಲೆಂಡಿನಲ್ಲಿ ಟೆಸ್ಟ್ ಪ್ರವೇಶ ಮಾಡಿದಾಗ ಹತ್ತೊಂಬತ್ತರ ಹರೆಯದವರು, ಬೆಂಗಳೂರಿನ ಆರ್.ವಿ. ಕಾಲೇಜಿನಿಂದ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿಯನ್ನೂ ಪಡೆದರು. ಜಾವಗಲ್ ಶ್ರೀನಾಥ್ ಮೈಸೂರಿನ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನ ಪದವೀಧರರು. ರಾಹುಲ್ ದ್ರಾವಿಡ್ ೧೯೯೬ರಲ್ಲಿ ಭಾರತ ತಂಡಕ್ಕೆ ಆಯ್ಕೆಯಾದದ್ದು ಬೆಂಗಳೂರಿನಲ್ಲಿ ಎಂ.ಬಿ.ಎ. ಓದುತ್ತಿದ್ದ ಕಾಲದಲ್ಲಿ.

ಈ ಹೆಸರುಗಳನ್ನು ಮಕ್ಕಳ ಮುಂದೆ ಎತ್ತಿ ಹೇಳುವುದು ಸುಲಭ. ಅವುಗಳಿಂದ ಸರಿಯಾದ ಪಾಠ ಕಲಿಯುವುದು ಅಷ್ಟು ಸುಲಭವಲ್ಲ. ಪ್ರಸನ್ನರ ವೃತ್ತಾಂತದಲ್ಲಿ ಮೆಚ್ಚಬೇಕಾದ ದೃಢತೆಯಿರುವಂತೆ ಮರುಗಬೇಕಾದ ನಷ್ಟವೂ ಇದೆ. ಓದು ಮತ್ತು ಆಟಗಳಲ್ಲಿ ಒಂದನ್ನು ಬಿಟ್ಟರೆ ಮಾತ್ರ ಇನ್ನೊಂದು ದಕ್ಕುವಂಥ ಏರ್ಪಾಡು ಆ ನಷ್ಟಕ್ಕೆ ಕಾರಣ. ಅವರಂಥ ಅಸಾಮಾನ್ಯರು ಐದು ವರ್ಷ ಬಿಟ್ಟು ಮರಳಿ ಬಂದರು. ಕ್ಲಬ್ಬಿಲ್ಲದ ಊರಿನ ಖೋ ಖೋ ಆಟಗಾರ್ತಿ ಎರಡು ವರ್ಷ ಬಿಟ್ಟರೆ ಮರಳಿ ಬರುವ ಮೈದಾನವೇ ಇರುವುದಿಲ್ಲ.

ಸೀಟು ಕೊಟ್ಟರೆ ಸಾಲದು

ಆದುದರಿಂದ ಕ್ರೀಡಾಪಟುವಿಗೆ ಸೀಟು ಕೊಟ್ಟ ಸಂಸ್ಥೆಯ ಹೊಣೆ ಆ ದಿನ ಮುಗಿಯುವುದಿಲ್ಲ. ಆ ದಿನ ಆರಂಭವಾಗುತ್ತದೆ. ಶೇಕಡಾ ೭೫ರ ಹಾಜರಿಯ ನಿಯಮ ಒಂದು ಕಡೆ, ಶಿಬಿರ ಮತ್ತು ಪಂದ್ಯಗಳ ಪ್ರಯಾಣ ಇನ್ನೊಂದು ಕಡೆ. ಸಂಸ್ಥೆಯ ಪರವಾಗಿ ಆಡಲು ಹೋದ ದಿನಗಳನ್ನು ಹಾಜರಿಯಲ್ಲಿ ಲೆಕ್ಕಹಿಡಿಯಬೇಕು. ಪಂದ್ಯದ ದಿನವೇ ಬಿದ್ದ ಕಿರುಪರೀಕ್ಷೆಯನ್ನು ಇನ್ನೊಂದು ದಿನ ನಡೆಸಿಕೊಡಬೇಕು. ತಪ್ಪಿದ ಪಾಠಗಳನ್ನು ಹೇಳಿಕೊಡಲು ಅಧ್ಯಾಪಕರೊಬ್ಬರನ್ನು ಗೊತ್ತುಮಾಡಬೇಕು. ಇವು ಅಂಕಗಳ ದಾನವಲ್ಲ, ಸಮಯದ ಹೊಂದಾಣಿಕೆ. ಅಂಕವನ್ನು ದಾನ ಕೊಟ್ಟರೆ ಪದವಿ ಹಗುರಾಗುತ್ತದೆ. ಸಮಯವನ್ನು ಹೊಂದಿಸಿಕೊಟ್ಟರೆ ಪದವಿಯ ತೂಕ ಕಡಿಮೆಯಾಗುವುದಿಲ್ಲ.

ಪ್ರಮಾಣಪತ್ರಗಳ ವಿಷಯದಲ್ಲಿಯೂ ಕಟ್ಟುನಿಟ್ಟು ಅವಶ್ಯ. ಯಾರೋ ಹೆಸರಿಲ್ಲದ ಸಂಘದವರು ನಡೆಸಿದ ‘ರಾಷ್ಟ್ರೀಯ’ ಪಂದ್ಯದ ಹಾಳೆಯೊಂದನ್ನು ಹಿಡಿದು ಬಂದವನು ನಿಜವಾದ ಆಟಗಾರನ ಸ್ಥಾನವನ್ನು ಕಬಳಿಸಿದರೆ ಕೋಟಾದ ಮೇಲಿನ ಜನರ ನಂಬಿಕೆಯೇ ಕುಸಿಯುತ್ತದೆ. ಮಾನ್ಯತೆ ಪಡೆದ ಪಂದ್ಯಗಳು ಯಾವುವು, ಯಾವ ಸಾಧನೆಗೆ ಯಾವ ಶ್ರೇಣಿ ಎಂಬುದನ್ನು ಅರ್ಜಿ ಕರೆಯುವಾಗಲೇ ಪ್ರಕಟಿಸಿ, ಆಯ್ಕೆಯಾದವರ ಪಟ್ಟಿಯನ್ನು ಸಾಧನೆಯ ವಿವರದೊಡನೆ ಹಲಗೆಗೆ ಹಚ್ಚಿದರೆ ಅರ್ಧದಷ್ಟು ಗೊಣಗಾಟ ತಾನಾಗಿ ಅಡಗೀತು.

ಮನೆಯ ಹಿರಿಯರೂ ಅರ್ಜಿಗೆ ರುಜು ಹಾಕುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿ ತಿಳಿಯುವುದು ಒಳ್ಳೆಯದು. ಈ ವ್ಯಾಸಂಗವನ್ನು ನಮ್ಮ ಮಗು ಕೋಟಾ ಇಲ್ಲದಿದ್ದರೂ ಬಯಸುತ್ತಿತ್ತೇ? ಪಂದ್ಯಕ್ಕೆ ಹೋದ ದಿನಗಳ ಪಾಠಕ್ಕೆ ಅಲ್ಲಿ ಏನು ಏರ್ಪಾಡಿದೆ? ಈ ಪದವಿ ಮುಗಿದ ಮೇಲೆ 
ತೆರೆಯಬೇಕಾದ ಬಾಗಿಲಿಗೆ ಎಷ್ಟು ಅಂಕ ಬೇಕು? ಮೂರಕ್ಕೂ ಸಮರ್ಪಕವಾದ ಉತ್ತರ ಸಿಕ್ಕರೆ, ಮಗಳನ್ನು ಬಿಳಿಯ ಗೆರೆಗಳ ನಡುವೆ ಇನ್ನೆರಡು ವರ್ಷ ಓಡಲು ಬಿಡುವುದರಿಂದ ಮನೆಗೆ ನಷ್ಟವೇನೂ ಇಲ್ಲ. ಉತ್ತರ ಸಿಗದಿದ್ದರೆ, ಸೀಟು ಸುಲಭವಾಗಿ ಬಂದಿತೆಂಬ ಹಿಗ್ಗು ಹೆಚ್ಚು ದಿನ ಬಾಳದು. ಗಳಿಸಿದ ಪದಕವನ್ನು ಯಾರೂ ಕಿತ್ತುಕೊಳ್ಳಲಾರರು. ಅದರ ಜೊತೆಗೆ ಬಾಳಿಗೊದಗುವ ವಿದ್ಯೆಯೂ ಆ ಕೈಗಳಿಗೆ ದಕ್ಕುವಂತೆ ಮಾಡುವುದು ಮನೆ, ಕಾಲೇಜು, ವಿಶ್ವವಿದ್ಯಾನಿಲಯ ಈ ಮೂರರ ಕರ್ತವ್ಯ.